ಲಾರಿಯ ನೆತ್ತಿ
ಹುಬ್ಬಳ್ಳಿ–ಗದಗ ರಸ್ತೆಯ ಶಿರಗುಪ್ಪಿಯದು ಎರೆಭೂಮಿ. ಬೇಸಿಗೆಯ ಧೂಳು ಲಾರಿ ಕ್ಯಾಬಿನ್ನಿನ ನೆತ್ತಿಯನ್ನೂ ಬಿಡುವುದಿಲ್ಲ. ಬಿಸಿಲು ನೇರ ಬೀಳುವುದೂ ಅಲ್ಲಿಗೇ. ಬಣ್ಣ ಮಂಕಾಗಿ, ಬೆರಳಿಟ್ಟರೆ ಸುಣ್ಣದಂತೆ ಹತ್ತುತ್ತದೆ. ದಸರೆಯ ಖಂಡೆ ಪೂಜೆಗೆ (ಆಯುಧ ಪೂಜೆಗೆ) ಮುಂಚೆ ಆ ನೆತ್ತಿಯನ್ನು ತಿಕ್ಕುವವರ ಕೈ ನೋಡಬೇಕು. ತಗಡು ತಣ್ಣಗಿರುವ ಮುಂಜಾನೆಯೇ ಏಣಿ ಹಾಕುತ್ತಾರೆ. ಮೊದಲು ಧಾರಾಳ ನೀರು. ಒಂದು ಮರಳಿನ ಕಣ ಉಳಿದರೂ ಗೀರು ಬಿತ್ತೆಂದೇ ಲೆಕ್ಕ. ಪಾಲಿಶ್ ಸತ್ತ ಪದರವನ್ನು ಕಳೆಯುತ್ತದೆ, ವ್ಯಾಕ್ಸ್ ಉಳಿದ ಬಣ್ಣವನ್ನು ಕಾಯುತ್ತದೆ. ಗೇಣು ಗೇಣು ಜಾಗಕ್ಕೆ ತೆಳ್ಳಗೆ ಸವರಿ, ಮಬ್ಬು ಕಟ್ಟಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾರೆ. ದಪ್ಪ ಬಳಿದರೆ ಹೊಳಪು ಹೆಚ್ಚದು, ಒರೆಸುವ ಕೆಲಸವಷ್ಟೇ ಹೆಚ್ಚು. ನೆಲದ ಮೇಲೆ ನಿಂತವರಿಗೆ ಕಾಣದ ಜಾಗವದು. ಆದರೂ ಅಂಚಿನ ಸಂದಿಯವರೆಗೂ ಬಟ್ಟೆ ಹೋಗುತ್ತದೆ. ಆ ನಿಷ್ಠೆ ನನಗೆ ಬಲು ಇಷ್ಟ. ಇಲ್ಲಿನ ಬಿಸಿಲಿಗೆ ವ್ಯಾಕ್ಸ್ ವರ್ಷವಿಡೀ ನಿಲ್ಲದು. ನೀರು ಹನಿಗಟ್ಟಿ ಜಾರುವುದು ನಿಂತರೆ ಮತ್ತೆ ಏಣಿ ಹತ್ತಬೇಕು.