ಹೊಟ್ಟು ಹರಿಯದ ಗಿರಣಿ: ರಸಿಕರಿಗೊಂದು ಕೈಪಿಡಿ

ಅಮೆರಿಕದಲ್ಲಿ ಬಿಯರನ್ನು ಮನೆಯಲ್ಲೇ ಮಾಡಿಕೊಳ್ಳುವ ಹವ್ಯಾಸಿಗಳ ಗ್ಯಾರೇಜಿಗೆ ಹೋದರೆ ಒಂದು ಮೂಲೆಯಲ್ಲಿ ಪ್ಲೈವುಡ್ಡಿನ ಪೆಟ್ಟಿಗೆಯೊಂದು ಕಾಣುವುದುಂಟು. ಮೇಲೆ ಕಾಳು ಸುರಿಯುವ ಹಾಪರ್, ಅದರ ಕೆಳಗೆ ಜೋಡಿ ಉಕ್ಕಿನ ರೋಲರ್, ಪಕ್ಕದಲ್ಲಿ ಎಲ್ಲಿಂದಲೋ ಬಿಚ್ಚಿ ತಂದ ಮೋಟಾರು, ಅಡಿಗೊಂದು ಬಕೆಟ್ಟು. ಯಜಮಾನ ಹೆಮ್ಮೆಯಿಂದ ಸ್ವಿಚ್ ಒತ್ತಿದಾಗ ಹೊಸಬರ ಕಣ್ಣು ಮೋಟಾರಿನ ಮೇಲೇ ಇರುತ್ತದೆ. ಪಳಗಿದವರು ಮಾತ್ರ ಅದರ ತಂಟೆಗೆ ಹೋಗದೆ ಬಕೆಟ್ಟಿಗೆ ಕೈ ಹಾಕಿ ಒಂದು ಹಿಡಿ ಎತ್ತಿಕೊಂಡು ಅಂಗೈ ಮೇಲೆ ಹರಡಿ ನೋಡುತ್ತಾರೆ. ಮೋಟಾರಿನ ಯೋಗ್ಯತೆ ತಿಳಿಯುವುದೂ ಆ ಹಿಡಿಯಿಂದಲೇ.

ಅಂಗೈಯಲ್ಲಿ ನೋಡಬೇಕಾದ್ದೇನು? ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್. ಒಳಗಡೆ ಪಿಷ್ಟ, ಹೊರಗಡೆ ಕಾಗದದಂಥ ಹೊಟ್ಟು. ಒಡೆದ ಮಾಲ್ಟನ್ನು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಬಿಟ್ಟರೆ ಕಾಳಿನೊಳಗಿನ ಕಿಣ್ವಗಳೇ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆಮೇಲೆ ಆ ಸಿಹಿನೀರನ್ನು ಬಸಿದುಕೊಳ್ಳಬೇಕು. ಪಾತ್ರೆಯ ತಳದಲ್ಲಿ ತೂತಿನ ತಟ್ಟೆ ಇರುತ್ತದೆ ನಿಜ, ಆದರೆ ಸೋಸುವ ಕೆಲಸ ಮಾಡುವುದು ಅದರ ಮೇಲೆ ಕೂತ ಹೊಟ್ಟಿನ ಪದರ. ಹೊಟ್ಟು ಚೂರುಚೂರಾಗಿದ್ದರೆ ಪದರ ನಿಲ್ಲುವುದಿಲ್ಲ. ಹಿಟ್ಟು ಅಂಟಿನಂತೆ ಕಟ್ಟಿಕೊಂಡು, ನಲ್ಲಿ ಪೂರ್ತಿ ತಿರುಗಿಸಿದರೂ ತೊಟ್ಟು ಇಳಿಯುವುದಿಲ್ಲ. ಹವ್ಯಾಸಿಗಳು ಇದನ್ನು ‘ಸ್ಟಕ್ ಸ್ಪಾರ್ಜ್’ ಎನ್ನುತ್ತಾರೆ, ಅದೂ ಹಲ್ಲು ಕಚ್ಚಿಕೊಂಡು. ಹಾಗೆಂದು ಕಾಳನ್ನು ದಪ್ಪದಪ್ಪ ಒಡೆದರೆ ಪಿಷ್ಟ ಒಳಗೇ ಉಳಿದು ಸಕ್ಕರೆ ಕಡಿಮೆಯಾಗುತ್ತದೆ.

ಒಳ್ಳೆಯ ಹಿಡಿಯೆಂದರೆ ಹೀಗಿರುತ್ತದೆ: ಹೊಟ್ಟು ಉದ್ದಕ್ಕೆ ಸೀಳಿದೆ, ಆದರೆ ಬಹುಪಾಲು ಇಡಿಯಾಗಿದೆ. ಒಳಗಿನ ತಿರುಳು ನುಚ್ಚಾಗಿದೆ, ರವೆಯಾಗಿದೆ, ಒಂದಿಷ್ಟು ಹಿಟ್ಟೂ ಆಗಿದೆ. ಸಾಬೀತಾಗಿ ಉಳಿದ ಕಾಳು ಹುಡುಕಿದರೂ ಸಿಗುವುದು ಅಪರೂಪ. ಹೊಟ್ಟಿನ ಒಂದೆರಡು ತುಂಡುಗಳನ್ನು ಉಗುರಿನಿಂದ ಬಿಡಿಸಿ ನೋಡಬೇಕು. ಒಳಮೈಗೆ ಬಿಳಿ ತಿರುಳು ಗಟ್ಟಿಯಾಗಿ ಅಂಟಿಕೊಂಡಿದ್ದರೆ ರೋಲರುಗಳು ಕಾಳನ್ನು ಬರೀ ಚಪ್ಪಟೆ ಮಾಡಿವೆ ಎಂದು ಅರ್ಥ. ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ನುಣ್ಣಗೆ ಬೀಸಿಕೊಟ್ಟವನು ಜಾಣ. ಇಲ್ಲಿ ನುಣ್ಣಗೆ ಬೀಸಿದವನಿಗೆ ಅರ್ಧ ದಿನ ಬಸಿಯುವ ಪಾತ್ರೆಯ ಮುಂದೆ ಕಾಯುವ ಶಿಕ್ಷೆ.

ಈ ಹವ್ಯಾಸ ಅಲ್ಲಿ ಬಯಲಿಗೆ ಬಂದು ಅರ್ಧ ಶತಮಾನವೂ ಆಗಿಲ್ಲ. ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದನ್ನು ಒಪ್ಪುವ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರ ಅಕ್ಟೋಬರ್ 14ರಂದು. ಅದು ಜಾರಿಗೆ ಬಂದದ್ದು ಮರುವರ್ಷದ ಫೆಬ್ರವರಿಯಲ್ಲಿ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100. ಮಾರುವಂತಿಲ್ಲ. ಅಲಬಾಮ ಮತ್ತು ಮಿಸ್ಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ, ಎಲ್ಲರಿಗಿಂತ ಕೊನೆಗೆ. ಕೊಲರಾಡೋದ ಬೌಲ್ಡರಿನಲ್ಲಿ ಚಾರ್ಲಿ ಪಪೇಜಿಯನ್ 1978ರಲ್ಲಿ ಗೆಳೆಯರೊಬ್ಬರ ಜೊತೆ ಅಮೆರಿಕನ್ ಹೋಮ್‌ಬ್ರೂಯರ್ಸ್ ಅಸೋಸಿಯೇಷನ್ ಕಟ್ಟಿದರು. 1984ರಲ್ಲಿ ಬಂದ ಅವರ ಪುಸ್ತಕ ಸಾವಿರಾರು ಅಡುಗೆಮನೆಗಳಿಗೆ ಈ ಹುಚ್ಚು ಹತ್ತಿಸಿತು.

ಮೊದಲ ತಲೆಮಾರಿನವರ ಕೈಗೆ ಸಿಕ್ಕ ಗಿರಣಿ ಕರೋನಾ. ಮೆಕ್ಕೆಜೋಳ ಬೀಸಲು ಲ್ಯಾಟಿನ್ ಅಮೆರಿಕದ ಮನೆಗಳಲ್ಲಿ ಬಳಸುವ ಎರಕದ ಕಬ್ಬಿಣದ ಕೈಗಿರಣಿ ಅದು. ಬಿಲ್ಲೆಯಂಥ ಎರಡು ತಟ್ಟೆಗಳ ನಡುವೆ ಕಾಳನ್ನು ತಿಕ್ಕಿ ಒಡೆಯುತ್ತದೆ. ತಿಕ್ಕಿದರೆ ಹೊಟ್ಟು ಹರಿಯದೆ ಇರುತ್ತದೆಯೇ? ಆದರೂ ಅಗ್ಗ, ಗಟ್ಟಿಮುಟ್ಟು. ಇವತ್ತಿಗೂ ಅದನ್ನು ಬಿಡದ ಹಳಬರಿದ್ದಾರೆ. ತಟ್ಟೆಗಳ ಅಂತರ ಹೊಂದಿಸಲು ಅವರು ಮಾಡುವ ಕಸರತ್ತುಗಳೇ ಒಂದು ವಿದ್ಯೆ.

1990ರ ದಶಕದಲ್ಲಿ ಜಾಕ್ ಷ್ಮಿಡ್ಲಿಂಗ್ ಅವರ ಮಾಲ್ಟ್‌ಮಿಲ್‌ನಂಥ ಪುಟ್ಟ ರೋಲರ್ ಗಿರಣಿಗಳು ಹೆಸರು ಮಾಡಿದವು. ಆಮೇಲೆ ಬಾರ್ಲಿ ಕ್ರಷರ್, ಮಾನ್‌ಸ್ಟರ್ ಮಿಲ್, ಕ್ರ್ಯಾಂಕೆನ್‌ಸ್ಟೈನ್ ಎಂಬ ಹೆಸರುಗಳು ಸೇರಿಕೊಂಡವು. ಕೊನೆಯದು ಫ್ರಾಂಕೆನ್‌ಸ್ಟೈನನ ಮೇಲಿನ ತಮಾಷೆ. ಗಿರಣಿ ಮಾಡುವವರಿಗೆ ಹೆಸರಿಡುವ ಚಪಲ ಜಾಸ್ತಿಯೇ. ಇವುಗಳಲ್ಲಿ ಕಾಳು ತಿಕ್ಕಲ್ಪಡುವುದಿಲ್ಲ, ಅದುಮಲ್ಪಡುತ್ತದೆ. ರೋಲರಿನ ಮೈಮೇಲೆ ಸಣ್ಣ ವಜ್ರಾಕಾರದ ಗೀರುಗಳಿರುತ್ತವೆ. ಸಾಮಾನ್ಯ ಜೋಡಿಯಲ್ಲಿ ಹಿಡಿಕೆಯೋ ಮೋಟಾರೋ ತಿರುಗಿಸುವುದು ಒಂದನ್ನು ಮಾತ್ರ. ಇನ್ನೊಂದನ್ನು ತಿರುಗಿಸುವುದು ನಡುವೆ ಸಿಕ್ಕಿಕೊಂಡ ಕಾಳು.

ಈ ಎರಡನೆಯ ರೋಲರಿನ ಮೇಲೆ ಕಣ್ಣಿಡುವುದನ್ನು ರಸಿಕರು ಬೇಗ ಕಲಿಯಬೇಕು. ಅದರ ಬೇರಿಂಗಿಗೆ ಮಾಲ್ಟಿನ ಧೂಳು ಹೊಕ್ಕಿತೋ, ಸುಮ್ಮನೆ ನಿಂತುಬಿಡುತ್ತದೆ. ಮೊದಲನೆಯದು ಮಾತ್ರ ತಿರುಗುತ್ತಾ ಮೇಲಿನ ಕಾಳಿನ ತಳವನ್ನು ಸವರುತ್ತಿರುತ್ತದೆ. ಕೆಳಗೆ ಏನೂ ಬೀಳುವುದಿಲ್ಲ. ಕಣ್ಣಿಗಿಂತ ಮೊದಲು ಕಿವಿಗೆ ಇದು ಗೊತ್ತಾಗುತ್ತದೆ: ಕಾಳು ಒಡೆಯುವ ಚಟಚಟ ನಿಂತು, ಹೊರೆ ಇಳಿದ ಮೋಟಾರಿನ ಗುಂಯ್ ಒಂದೇ ಉಳಿಯುತ್ತದೆ.

ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಬಿಯರಿಗೆ ನಾಲ್ಕೂವರೆಯಿಂದ ಐದೂವರೆ ಕಿಲೋ ಮಾಲ್ಟ್ ಸಾಕು. ಅಷ್ಟನ್ನು ಕೈಯಲ್ಲಿ ತಿರುಗಿಸುವುದು ಪ್ರಾಣ ಹೋಗುವಂಥ ಕೆಲಸವೇನಲ್ಲ. ಹಾಗಿದ್ದರೆ ಮೋಟಾರೇಕೆ? ಕೇಳಿದರೆ ಬಹಳ ಜನ ಸಮಯ ಉಳಿಯುತ್ತದೆ ಎನ್ನುತ್ತಾರೆ. ಅದು ಅರ್ಧ ಸತ್ಯ. ಕೈ ಸುಸ್ತಾದಂತೆ ವೇಗ ಏರಿಳಿಯುತ್ತದೆ, ಒಡೆತವೂ ಅದರ ಹಿಂದೆ ಏರಿಳಿಯುತ್ತದೆ. ಮೋಟಾರು ಕೊಡುವುದು ಮೊದಲ ಹಿಡಿಗೂ ಕೊನೆಯ ಹಿಡಿಗೂ ಒಂದೇ ಹದ. ಇನ್ನು ಕೆಲವರ ಮಟ್ಟಿಗೆ, ಗ್ಯಾರೇಜಿನಲ್ಲಿ ಏನಾದರೊಂದು ಕಟ್ಟುತ್ತಾ ಕೂರಲು ಬಿಯರ್ ಒಂದು ನೆಪ. ಅಂಥವರ ಗಿರಣಿಗಳೇ ನೋಡಲು ಹೆಚ್ಚು ಚೆಂದ ಎಂಬುದನ್ನೂ ಹೇಳಬೇಕು.

ಎಲ್ಲರೂ ಶುರು ಮಾಡುವುದು ಡ್ರಿಲ್ಲಿನಿಂದ. ಹಿಡಿಕೆ ಬಿಚ್ಚಿ ಗಿರಣಿಯ ಶಾಫ್ಟನ್ನು ಡ್ರಿಲ್ಲಿನ ಬಾಯಿಗೆ ಕೊಟ್ಟು ಗುಂಡಿ ಒತ್ತಿದರೆ ಮುಗಿಯಿತು. ಕೆಲಸವೇನೋ ಆಗುತ್ತದೆ, ಆದರೆ ಡ್ರಿಲ್ಲಿನ ಸ್ವಭಾವ ಓಡುವುದು. ಗುಂಡಿಯನ್ನು ಅರ್ಧವೇ ಒತ್ತಿ ನಿಧಾನ ಓಡಿಸಿದರೆ ಒಳಗಿನ ತಂಪುಫ್ಯಾನೂ ನಿಧಾನವಾಗಿ, ಭಾರ ಎಳೆಯುತ್ತಿರುವ ಸುರುಳಿ ಕಾಯುತ್ತದೆ, ವಾಸನೆ ಬರುತ್ತದೆ. ಪೂರ್ತಿ ಒತ್ತಿದರೆ ಹೊಟ್ಟು ಹರಿಯುತ್ತದೆ. ಕಡಿಮೆ ವೇಗದ, ಅರ್ಧ ಇಂಚಿನ ಬಾಯಿಯ ದಪ್ಪ ಡ್ರಿಲ್ಲು ವಾಸಿ.

ಡ್ರಿಲ್ಲನ್ನು ಬಿಟ್ಟು ಮೋಟಾರು ಕೂರಿಸಲು ಹೊರಟಾಗ ಎದುರಾಗುವ ಸಮಸ್ಯೆಯೂ ವೇಗದ್ದೇ. ಅಲ್ಲಿನ 60 ಹರ್ಟ್ಸ್ ವಿದ್ಯುತ್ತಿನಲ್ಲಿ ಸಾಮಾನ್ಯ ಇಂಡಕ್ಷನ್ ಮೋಟಾರು ನಿಮಿಷಕ್ಕೆ 1,725 ಸುತ್ತು ಹಾಕುತ್ತದೆ. (ನಮ್ಮ 50 ಹರ್ಟ್ಸಿನಲ್ಲಿ ಅದೇ ಬಗೆಯ ಮೋಟಾರು 1,440ರ ಆಸುಪಾಸು.) ಗಿರಣಿಗೆ ಹಿತವಾದದ್ದು 150ರಿಂದ 200, ತೆಳು ರೋಲರಿದ್ದರೆ ಇನ್ನೊಂದಿಷ್ಟು ಹೆಚ್ಚು ನಡೆದೀತು. ಹಾಗಾಗಿ ಈ ಇಡೀ ಕಸುಬು ವೇಗವನ್ನು ಎಂಟನೇ ಒಂದು ಪಾಲಿಗೋ ಹತ್ತನೇ ಒಂದು ಪಾಲಿಗೋ ಇಳಿಸುವ ಕಸುಬು. ಇಳಿಸಿದ ವೇಗ ಸುಮ್ಮನೆ ಹೋಗುವುದಿಲ್ಲ, ತಿರುಚುಬಲವಾಗಿ ಮರಳುತ್ತದೆ: ಅರ್ಧ ಅಶ್ವಶಕ್ತಿಯ ಮೋಟಾರು ಪೂರ್ತಿ ವೇಗದಲ್ಲಿ ಕೊಡುವುದು ಸುಮಾರು 2 ನ್ಯೂಟನ್ ಮೀಟರ್, 180 ಸುತ್ತಿಗೆ ಇಳಿಸಿದರೆ, ನಡುವಿನ ನಷ್ಟ ಬಿಟ್ಟು, ಸುಮಾರು 20.

ಇಳಿಸುವುದಕ್ಕೆ ಎರಡು ದಾರಿ. ಮೋಟಾರಿಗೆ ಒಂದೂವರೆ ಇಂಚಿನ ಪುಲ್ಲಿ, ಗಿರಣಿಗೆ ಹನ್ನೆರಡು ಇಂಚಿನದು, ನಡುವೆ ವಿ-ಬೆಲ್ಟು: 1,725 ಸುತ್ತು 215ಕ್ಕೆ ಇಳಿಯಿತು. ಇಲ್ಲವೇ ಹಲ್ಲುಚಕ್ರಗಳು ಒಳಗೇ ಇರುವ ಗೇರ್ ಮೋಟಾರು ತಂದು ನೇರವಾಗಿ ಶಾಫ್ಟಿಗೆ ಜೋಡಿಸುವುದು. ಗೇರಿನದು ಚಿಕ್ಕದು, ಚೊಕ್ಕ, ದುಬಾರಿ. ಈ ಬರಹದ ಒಲವು ಬೆಲ್ಟಿನ ಕಡೆಗಿದೆ, ಕಾರಣವೂ ಇದೆ. ಮಾಲ್ಟಿನ ಚೀಲದಲ್ಲಿ ಒಮ್ಮೊಮ್ಮೆ ಸಣ್ಣ ಕಲ್ಲೋ ಕಬ್ಬಿಣದ ಚೂರೋ ಬರುತ್ತದೆ. ಅದು ರೋಲರುಗಳ ನಡುವೆ ಕಚ್ಚಿಕೊಂಡಾಗ ಬೆಲ್ಟು ಜಾರಿ, ಕಿರುಚಿ, ಎಚ್ಚರಿಸುತ್ತದೆ. ಗೇರ್ ಮೋಟಾರಿಗೆ ಜಾರುವುದು ಗೊತ್ತಿಲ್ಲ. ಮಣಿಯದೆ ಒತ್ತುತ್ತಾ ಹೋಗಿ ಏನನ್ನಾದರೂ ಮುರಿದೇ ನಿಲ್ಲುತ್ತದೆ. ಹಾಪರಿನ ಬಾಯಲ್ಲಿ ಒಂದು ಅಯಸ್ಕಾಂತ, ಸ್ವಿಚ್ಚಿನಲ್ಲಿ ಹಿಂದಕ್ಕೆ ತಿರುಗಿಸುವ ಸೌಕರ್ಯ ಇದ್ದರೆ ಕಟ್ಟಿದವನು ಒಮ್ಮೆ ಪಾಠ ಕಲಿತವನೆಂದು ತಿಳಿಯಬಹುದು.

ಗೇರಿನ ಜೋಡಣೆಯಲ್ಲಿ ಬಗ್ಗಿ ನೋಡಬೇಕಾದ ಜಾಗ ಮೋಟಾರು ಮತ್ತು ಗಿರಣಿಯ ಶಾಫ್ಟುಗಳು ಸೇರುವ ಕಪ್ಲಿಂಗ್. ಎದುರುಬದುರು ಮೂರು ಮೂರು ಹಲ್ಲಿನ ಎರಡು ಲೋಹದ ತುಂಡು, ಅವುಗಳ ನಡುವೆ ನಕ್ಷತ್ರದ ಆಕಾರದ ರಬ್ಬರು. ಆ ರಬ್ಬರಿಗೆ ‘ಸ್ಪೈಡರ್’ ಎಂದು ಹೆಸರು. ಎರಡು ಶಾಫ್ಟು ಕೂದಲೆಳೆಯಷ್ಟು ಆಚೀಚೆ ಇದ್ದರೆ ಅದು ಸಹಿಸಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಾದರೆ ಸವೆದು ಕಪ್ಪು ಪುಡಿ ಉದುರಿಸುತ್ತದೆ. ಪೆಟ್ಟಿಗೆಯ ಹಲಗೆ ಮೇಲೆ ಆ ಕಪ್ಪು ಪುಡಿ ಕಂಡರೆ ಮೋಟಾರಿನ ಬುಡಕ್ಕೆ ತೆಳು ತಗಡು ಕೊಟ್ಟು ಎತ್ತರ ಸರಿಮಾಡುವ ಕೆಲಸ ಬಾಕಿ ಇದೆ ಎಂದು ಲೆಕ್ಕ. ಇನ್ನೊಂದು ಸಣ್ಣ ಗುರುತು: ಸ್ಕ್ರೂ ಕಚ್ಚುವ ಜಾಗದಲ್ಲಿ ಗುಂಡನೆಯ ಶಾಫ್ಟನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿದ್ದಾರೆಯೇ? ಮಾಡದಿದ್ದರೆ ಸ್ಕ್ರೂ ಜಾರಿ ಶಾಫ್ಟಿನ ಸುತ್ತ ಉಂಗುರದಂಥ ಗೀರು ಬಿದ್ದಿರುತ್ತದೆ.

ಮೋಟಾರಿನ ಆಯ್ಕೆಯಲ್ಲೂ ರುಚಿ ಇದೆ. ಫ್ಯಾನಿಗೆಂದು ಮಾಡಿದ ಮೋಟಾರಿಗೆ ಹೊರಡುವಾಗ ಬಲ ಸಾಲದು. ಹಾಪರ್ ತುಂಬಿದ್ದರೆ ಗುಂಯ್ಗುಟ್ಟುತ್ತಾ ನಿಂತಲ್ಲೇ ನಿಲ್ಲುತ್ತದೆ. ಬೆನ್ನ ಮೇಲೆ ಉಬ್ಬಿದ ಡಬ್ಬಿ ಇರುವ ಕೆಪಾಸಿಟರ್-ಸ್ಟಾರ್ಟ್ ಮೋಟಾರು ಹೊರೆಯೊಂದಿಗೇ ಎದ್ದೇಳುತ್ತದೆ. ಧೂಳು ಹೋಗದಂತೆ ಮೈ ಮುಚ್ಚಿದ ಬಗೆಯದಾದರೆ ಇನ್ನೂ ಒಳ್ಳೆಯದು. ಪುಲ್ಲಿ, ಬೆಲ್ಟು, ಕಪ್ಲಿಂಗುಗಳ ಮೇಲೆ ಮುಚ್ಚಳ ಇಲ್ಲದ ಗಿರಣಿಯನ್ನು ಎಷ್ಟೇ ಸೊಗಸಾಗಿದ್ದರೂ ಮೆಚ್ಚಬೇಕಾಗಿಲ್ಲ. ಕಾಳನ್ನು ಹಿಡಿದೆಳೆಯಲೆಂದೇ ಮಾಡಿದ ರೋಲರಿಗೆ ಬೆರಳೂ ಒಂದು ಕಾಳೇ.

ರೋಲರುಗಳ ನಡುವಿನ ಅಂತರವೇ ಪ್ರತಿ ಹವ್ಯಾಸಿಯ ಗುಟ್ಟು. ಸಾಮಾನ್ಯವಾಗಿ ಅದು ಮಿಲಿಮೀಟರಿನ ಆಸುಪಾಸು. ಬಾರ್ಲಿ ಕ್ರಷರ್ 0.039 ಇಂಚಿಗೆ, ಅಂದರೆ ಒಂದು ಮಿಲಿಮೀಟರಿಗೆ ಹೊಂದಿಸಿಯೇ ಬರುತ್ತಿತ್ತು. ಅವಸರದವರು ಮುಕ್ಕಾಲು ಮಿಲಿಮೀಟರ್ ದಪ್ಪದ ಕ್ರೆಡಿಟ್ ಕಾರ್ಡ್ ತೂರಿಸಿ ಅಳೆಯುತ್ತಾರೆ, ಶಿಸ್ತಿನವರು ಮೆಕ್ಯಾನಿಕ್ಕುಗಳ ಫೀಲರ್ ಗೇಜ್ ಇಟ್ಟುಕೊಂಡಿರುತ್ತಾರೆ. ಇನ್ನೂ ಮುಂದೆ ಹೋದವರು ಮಾಲ್ಟನ್ನು ಜರಡಿ ಹಿಡಿದು ನುಚ್ಚು, ರವೆ, ಹಿಟ್ಟುಗಳನ್ನು ಬೇರೆಬೇರೆ ತೂಗುತ್ತಾರೆ. ಬಟ್ಟೆಯ ಚೀಲದಲ್ಲಿ ಮಾಲ್ಟ್ ಕಟ್ಟಿ ನೆನೆಸುವವರಿಗೆ ಸೋಸುವ ಚಿಂತೆ ಚೀಲದ್ದು, ಹಾಗಾಗಿ ಅವರು ಅಂತರವನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಅಲಾಸ್ಕಾದ ಅಲಾಸ್ಕನ್ ಬ್ರೂಯಿಂಗ್ ಕಂಪನಿ 2008ರಲ್ಲಿ ಒತ್ತಿ ಸೋಸುವ ಫಿಲ್ಟರ್ ಯಂತ್ರ ಹಾಕಿಕೊಂಡದ್ದೂ ಈ ಚಿಂತೆಯಿಂದ ಬಿಡುಗಡೆಯೇ. ಅಂಥ ಕಡೆ ಮಾಲ್ಟನ್ನು ಹಿಟ್ಟು ಮಾಡಿದರೂ ನಡೆಯುತ್ತದೆ.

ಗಿರಣಿಗೆ ಹಾಕುವ ಮೊದಲು ಮಾಲ್ಟಿನ ಮೇಲೆ ತೂಕದ ನೂರಕ್ಕೆ ಎರಡರಷ್ಟು ನೀರು ಚಿಮುಕಿಸಿ, ಕೈಯಾಡಿಸಿ, ಹತ್ತು ಹದಿನೈದು ನಿಮಿಷ ಬಿಡುವ ಪದ್ಧತಿಯೊಂದಿದೆ. ತಿರುಳು ಒಣದಾಗಿಯೇ ಇದ್ದು ಹೊಟ್ಟು ಮಾತ್ರ ಮೆದುವಾಗಿ ಬಾಗುತ್ತದೆ, ಹರಿಯುವುದಿಲ್ಲ. ಒಂದೇ ಮಾಲ್ಟನ್ನು ಹೀಗೂ ಹಾಗೂ ಒಡೆದು ಎರಡು ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟರೆ ಹೊಸಬರಿಗೂ ವ್ಯತ್ಯಾಸ ಥಟ್ಟನೆ ಕಾಣುತ್ತದೆ: ನೀರು ಕುಡಿದದ್ದು ಅಷ್ಟೇ ತೂಕದಲ್ಲಿ ಹೆಚ್ಚು ಉಬ್ಬಿ ಕೂತಿರುತ್ತದೆ. ನೀರು ಹೆಚ್ಚಾದರೆ ಮಾತ್ರ ರೋಲರಿಗೆ ಹಿಟ್ಟು ಮೆತ್ತಿಕೊಂಡು ತುಕ್ಕಿಗೆ ದಾರಿ.

ಗಿರಣಿ ಎಲ್ಲಿದೆ ಎಂಬುದನ್ನೂ ಗಮನಿಸಬೇಕು. ಮಾಲ್ಟಿನ ಧೂಳಿನಲ್ಲಿ ಹಾಲನ್ನು ಮೊಸರಾಗಿಸುವ ಬಳಗದ ಬ್ಯಾಕ್ಟೀರಿಯಗಳು ಧಾರಾಳವಾಗಿರುತ್ತವೆ. ಬಿಯರ್ ಹುದುಗುವ ಕೋಣೆಯಲ್ಲೇ ಗಿರಣಿ ಇಟ್ಟವರು ಬಯಸದಿದ್ದರೂ ಹುಳಿ ಬಿಯರ್ ಕುಡಿಯುವ ಯೋಗ ಬಂದೀತು.

ಕನ್ನಡನಾಡಿನಲ್ಲಿ ಈ ಹವ್ಯಾಸ ಕಣ್ಣಿಂದ ಸವಿಯುವುದಕ್ಕೆ ಮಾತ್ರ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದರೆ ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಇದೇ ತತ್ವದ ದೊಡ್ಡ ಗಿರಣಿಗಳು ಓಡುತ್ತವೆ. ಅಲ್ಲಿ ಗೋಧಿ ಬಿಯರಿಗೆ ಗಿರಾಕಿ ಬಹಳ. ಗೋಧಿಕಾಳಿಗೆ ಹೊಟ್ಟಿಲ್ಲ, ಮೇಲಾಗಿ ಬಾರ್ಲಿಗಿಂತ ಚಿಕ್ಕದು, ಗಟ್ಟಿ. ಬಾರ್ಲಿಯ ಅಂತರದಲ್ಲೇ ಸುರಿದರೆ ಎಷ್ಟೋ ಕಾಳು ಸಾಬೀತಾಗಿ ಜಾರಿಹೋಗುತ್ತದೆ. ಅದಕ್ಕೆಂದು ರೋಲರನ್ನು ಬೇರೆಯಾಗಿ ಬಿಗಿ ಮಾಡಬೇಕು. ಸರಿಯಾಗಿ ಒಡೆದರೂ ಬಸಿಯುವಾಗ ಪದರ ಕಟ್ಟಲು ಹೊಟ್ಟು ಎಲ್ಲಿಂದ ಬರಬೇಕು? ಅಮೆರಿಕದ ಹೋಮ್‌ಬ್ರೂ ಅಂಗಡಿಗಳಲ್ಲಿ ಅದಕ್ಕೂ ಪೊಟ್ಟಣ ಸಿಗುತ್ತದೆ, ಪೌಂಡಿಗಿಷ್ಟು ಎಂದು ದರ ಹಚ್ಚಿ. ಒಳಗಿರುವುದು ಭತ್ತದ ಹೊಟ್ಟು.