ಮರಣಪತ್ರವೂ ಪ್ರೇಮಕಥೆಯೂ: ‘ದಿ ಫೌಂಟನ್ಸ್ ಆಫ್ ಸೈಲೆನ್ಸ್’ ಕಾದಂಬರಿಯ ವಿಮರ್ಶೆ

ಹರೆಯದ ಓದುಗರಿಗಾಗಿ ಅಮೆರಿಕದಲ್ಲಿ ರಚಿತವಾಗುವ ಪ್ರಣಯಕಾದಂಬರಿಗಳಿಗೆ ಒಂದು ಸಿದ್ಧವಾದ ಅಚ್ಚು ಉಂಟು. ತರುಣನೋ ತರುಣಿಯೋ ಪರದೇಶಕ್ಕೆ ಪ್ರಯಾಣ ಮಾಡುವುದು, ಅಲ್ಲಿ ಒಲವು ಮೊಳೆಯುವುದು, ಮನೆಯಲ್ಲಿ ನಡೆದ ಸಾವೊಂದು ಮನಸ್ಸನ್ನು ಕಾಡುವುದು, ಹಿರಿಯರು ಮುಚ್ಚಿಟ್ಟ ಗುಟ್ಟು ಕಡೆಗೆ ಹೊರಬಿದ್ದು ಎಲ್ಲವೂ ನೇರ್ಪಡುವುದು, ಇವೇ ಅದರ ಅಂಗಗಳು. ಇಂಥ ಪುಸ್ತಕಗಳನ್ನು ಇತಿಹಾಸದ ಅಧ್ಯಾಪಕರು ಕೈಗೆತ್ತಿಕೊಳ್ಳುವುದು ಅಪರೂಪ. ರೂಟಾ ಸೆಪೆಟಿಸ್ ಅವರು 2019ರಲ್ಲಿ ಪ್ರಕಟಿಸಿದ ‘ದಿ ಫೌಂಟನ್ಸ್ ಆಫ್ ಸೈಲೆನ್ಸ್’ ಇದೇ ಅಚ್ಚಿನಲ್ಲಿ ಎರಕಗೊಂಡ ಕೃತಿ. ಆದರೂ ಆಧಾರಗಳ ಪರೀಕ್ಷೆಯನ್ನು ಕಲಿಸುವ ತರಗತಿಗೆ ಅದು ಒದಗಿಬರುವಷ್ಟು ಅನೇಕ ಶಾಸ್ತ್ರಗ್ರಂಥಗಳು ಒದಗಿಬರಲಾರವೆಂದು ನಮಗೆ ತೋರುತ್ತದೆ.

ಲೇಖಕಿಯ ಪರಿಚಯ ಎರಡು ಮಾತಿನಲ್ಲಿ ಆಗಬಹುದು. ಲಿಥುವೇನಿಯಾ ಮೂಲದ ಮನೆತನಕ್ಕೆ ಸೇರಿದ ಈಕೆ ಅಮೆರಿಕದಲ್ಲಿ ಹುಟ್ಟಿ ಬೆಳೆದವರು. ಸ್ಟಾಲಿನ್ ಕಾಲದ ಗಡೀಪಾರನ್ನು ಕುರಿತ 2011ರ ಕಾದಂಬರಿಯಿಂದ ಹೆಸರಾದರು. 2016ರ ‘ಸಾಲ್ಟ್ ಟು ದಿ ಸೀ’ ಎಂಬ ಕೃತಿಗೆ ಮರುವರ್ಷ ಬ್ರಿಟನ್ನಿನ ಕಾರ್ನೆಗಿ ಪದಕವನ್ನು ಪಡೆದರು. ಪ್ರಕೃತ ಕಾದಂಬರಿಯ ಕಾಲ 1957, ಸ್ಥಳ ಸ್ಪೇನಿನ ಮ್ಯಾಡ್ರಿಡ್ ನಗರ. ಟೆಕ್ಸಸಿನ ಎಣ್ಣೆ ಉದ್ಯಮಿಯೊಬ್ಬನ ಮಗ ಡ್ಯಾನಿಯಲ್, ಛಾಯಾಚಿತ್ರಗಾರನಾಗಬೇಕೆಂಬ ಹಂಬಲವುಳ್ಳ ತರುಣ, ತಾಯ್ತಂದೆಯರೊಡನೆ ಕಾಸ್ಟೆಯಾನಾ ಹಿಲ್ಟನ್ ಹೋಟೆಲಿಗೆ ಬಂದು ಇಳಿಯುತ್ತಾನೆ. ಅಲ್ಲಿಯ ಪರಿಚಾರಿಕೆ ಆನಾ ಅಂತರ್ಯುದ್ಧದಲ್ಲಿ ಸೋತ ಪಕ್ಷದವರ ಮಗಳು. ವಯೇಕಾಸ್ ಎಂಬ ಬಡವರ ಕೇರಿಯಲ್ಲಿ ಒಡಹುಟ್ಟಿದವರೊಡನೆ ಬಾಳುವವಳು. ಇವರಿಬ್ಬರ ಒಲವು, ಅಗಲಿಕೆ, ಹದಿನೆಂಟು ವರ್ಷಗಳ ಮೌನ, ಫ್ರಾಂಕೊ ಸತ್ತ ಬಳಿಕ ಡ್ಯಾನಿಯಲ್‌ನ ಮರುಪ್ರಯಾಣ: ಕಥೆಯ ಹೊರಮೈ ಇಷ್ಟೆ. ಗೂಳಿಕಾಳಗದ ಉಡುಪಿನ ಜರತಾರಿ ಕೆಲಸಕ್ಕೆ ಮೀಸಲಾದ ಪುಟಗಳು ಅಗತ್ಯಕ್ಕಿಂತ ಹೆಚ್ಚಾದುವೆಂದು ಹೇಳದೆ ವಿಧಿಯಿಲ್ಲ.

ಹೋಟೆಲಿನ ಆಯ್ಕೆ ಮಾತ್ರ ಬಹು ಜಾಣತನದ್ದು. ಅದು ಬಾಗಿಲು ತೆರೆದದ್ದು 1953ರಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕವು ಫ್ರಾಂಕೊ ಸರ್ಕಾರದೊಡನೆ ಸೇನಾನೆಲೆಗಳ ಒಪ್ಪಂದವನ್ನು ಮಾಡಿಕೊಂಡಿತು. ನೆಲೆಗಳಿಗೆ ಬದಲಾಗಿ ನೆರವು, ನೆರವಿನ ಬೆನ್ನಿಗೆ ವ್ಯಾಪಾರಿಗಳು ಮತ್ತು ಪ್ರವಾಸಿಗಳು. ಪ್ರವಾಸಿಯು ಕಾಣುವ ಬಿಸಿಲಿನ ಸ್ಪೇನು ಒಂದು, ಅವನ ಕೋಣೆಯನ್ನು ಗುಡಿಸುವವಳ ಸ್ಪೇನು ಇನ್ನೊಂದು. ಪ್ರಯಾಣಕಥೆಗಳಲ್ಲಿ ಪರದೇಶವು ಸಾಮಾನ್ಯವಾಗಿ ನಾಯಕನ ಹೃದಯಪರಿವರ್ತನೆಗೆ ಕಟ್ಟಿದ ಪರದೆಯಾಗಿಬಿಡುತ್ತದೆ. ಇಲ್ಲಿ ಲೇಖಕಿ ಪ್ರವಾಸಿಯ ಅಜ್ಞಾನವನ್ನೇ ಕಥಾವಸ್ತುವಾಗಿ ಮಾಡಿದ್ದಾರೆ. ಶಿಶುವಿನ ಶವವನ್ನು ಹೊತ್ತೊಯ್ಯುವ ಸಂನ್ಯಾಸಿನಿಯ ಚಿತ್ರವನ್ನು ಡ್ಯಾನಿಯಲ್ ತೆಗೆಯುತ್ತಾನೆ. ತಾನು ಕಂಡದ್ದೇನೆಂಬುದು ಅವನಿಗೆ ತಿಳಿಯದು.

ಅವನು ಕಂಡದ್ದರ ಹಿನ್ನೆಲೆಯನ್ನು ಇತಿಹಾಸವು ಹೀಗೆ ಹೇಳುತ್ತದೆ. 1939ರಲ್ಲಿ ಯುದ್ಧ ಮುಗಿದ ಮೇಲೆ ಸೆರೆಮನೆಗಳು ಸೋತವರಿಂದ ತುಂಬಿದುವು. ಸ್ತ್ರೀಯರು ಹಸುಗೂಸುಗಳೊಡನೆ ಬಂಧನದಲ್ಲಿದ್ದರು. 1940ರ ಆಜ್ಞೆಯೊಂದು ಮಕ್ಕಳು ಮೂರು ವರ್ಷ ತುಂಬುವವರೆಗೆ ಮಾತ್ರ ತಾಯಿಯ ಬಳಿ ಇರಬಹುದೆಂದು ವಿಧಿಸಿತು. ಆ ಬಳಿಕ ಅನೇಕರು ಸರ್ಕಾರದ ಇಲ್ಲವೆ ಚರ್ಚಿನ ಪಾಲನಾಗೃಹಗಳ ಪಾಲಾದರು. 1941ರ ಡಿಸೆಂಬರಿನ ಕಾನೂನು ಗುರುತು ಹತ್ತದ ಮಕ್ಕಳ ಹೆಸರನ್ನು ಜನನಪುಸ್ತಕದಲ್ಲಿ ಹೊಸದಾಗಿ ಬರೆಯುವುದಕ್ಕೆ ದಾರಿ ಮಾಡಿತು. ಮಾರ್ಕ್ಸ್‌ವಾದವು ಬುದ್ಧಿಯ ದೋಷವೆಂದು ಸಾಧಿಸಹೊರಟ ಸೇನಾ ಮನೋವೈದ್ಯ ವಯೆಹೊ ನಾಹೆರಾ ಇದಕ್ಕೆ ಶಾಸ್ತ್ರದ ವೇಷವನ್ನು ತೊಡಿಸಿದ. ಮುಂದಿನ ದಶಕಗಳಲ್ಲಿ ರಾಜಕೀಯದ ಬಣ್ಣ ಮಾಸಿ, ಬಡವರು ಮತ್ತು ಅವಿವಾಹಿತ ತಾಯಂದಿರಿಂದ ಶಿಶುಗಳನ್ನು ಅನುಕೂಲಸ್ಥರ ಮನೆಗಳಿಗೆ ಸಾಗಿಸುವ ವ್ಯವಹಾರವಾಗಿ ಅದು ಉಳಿದುಕೊಂಡಿತು. ತಾಯಿಯ ಹೆಸರನ್ನು ಜನನಪುಸ್ತಕದಲ್ಲಿ ಕಾಣಿಸದೆ ಬಿಡುವ ಅವಕಾಶ ಆ ದೇಶದಲ್ಲಿ 1999ರವರೆಗೂ ಇದ್ದಿತೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಕಾದಂಬರಿಯ ನಿಜವಾದ ಶಕ್ತಿ ಇರುವುದು ಇಲ್ಲಿ. ಹೆರಿಗೆಯಾದ ತಾಯಿಗೆ ಮಗು ಸತ್ತಿತೆಂದು ಹೇಳುತ್ತಾರೆ, ಶವವನ್ನು ತೋರಿಸುವುದಿಲ್ಲ, ಸಂಸ್ಕಾರವನ್ನು ಆಸ್ಪತ್ರೆಯೇ ನೋಡಿಕೊಳ್ಳುವುದೆನ್ನುತ್ತಾರೆ. ಆಕೆ ಅಳುತ್ತಾಳೆ. ಆ ಅಳುವಿಗೆ ಆಧಾರವಾದುದು ಒಂದು ಕಾಗದ, ಆ ಕಾಗದವೇ ಸುಳ್ಳು. ಶೋಕವನ್ನು ಕುರಿತ ಸಾಹಿತ್ಯದಲ್ಲಿ ಸಾವು ಪ್ರಶ್ನಾತೀತವಾದ ನೆಲ. ಉಳಿದವರು ಅದರ ಮೇಲೆ ನಿಂತು ದುಃಖಿಸುತ್ತಾರೆ. ಇಲ್ಲಿ ಆ ನೆಲವೇ ಕುಸಿದಿದೆ. ಸ್ಮಶಾನದಲ್ಲಿ ಗುಂಡಿ ತೋಡುವ ಫೂಗಾ ಎಂಬ ಹುಡುಗನೂ ಆನಾಳ ಸೋದರ ರಾಫಾನೂ ಪುಟ್ಟ ಶವಪೆಟ್ಟಿಗೆಗಳು ಬರಿದಾಗಿರುವುದನ್ನು ಕಾಣುವ ಭಾಗವನ್ನು ಲೇಖಕಿ ಯಾವ ಅಬ್ಬರವೂ ಇಲ್ಲದೆ ಬರೆದಿದ್ದಾರೆ. ಪತ್ರಾಗಾರದಲ್ಲಿ ಕುಳಿತ ನಮ್ಮಂಥವರು ಮರಣಪತ್ರವನ್ನು ಪ್ರಥಮ ದರ್ಜೆಯ ಆಧಾರವೆಂದು ಎಣಿಸುತ್ತೇವೆ. ಸಹಿ ಇದೆ, ಮೊಹರು ಇದೆ, ತಾರೀಖು ಇದೆ. ಆದರೆ ಅಕ್ಷರ ಬಾರದ ಇಬ್ಬರು ಕೂಲಿಗಳೂ ಪೆಟ್ಟಿಗೆಯ ಭಾರದಿಂದಲೇ ಅದನ್ನು ಸುಳ್ಳೆಂದು ತಿಳಿಯಬಲ್ಲರು.

ಅನಾಥಾಲಯದಲ್ಲಿ ಕೆಲಸ ಮಾಡುವ ಪೂರಿ ಎಂಬ ಸೋದರಸಂಬಂಧಿಯ ಅಧ್ಯಾಯಗಳು ನಮಗೆ ಎಲ್ಲಕ್ಕಿಂತ ಹಿಡಿಸಿದುವು. ಆಕೆ ದುಷ್ಟಳಲ್ಲ, ಧೀರಳೂ ಅಲ್ಲ. ಸಂಸ್ಥೆಯು ಮಾಡುವುದೆಲ್ಲ ಪುಣ್ಯಕಾರ್ಯವೆಂದು ನಂಬಿದವಳು, ಕಡತಗಳನ್ನು ಓದಬಾರದೆಂದು ಬಲ್ಲವಳು, ಓದದೆ ಇರಲಾರದವಳು. ನಂಬಿಕೆಯೂ ಕುತೂಹಲವೂ ಒಂದೇ ಎದೆಯಲ್ಲಿ ಹೋರಾಡುವ ಈ ಚಿತ್ರದ ಮುಂದೆ ನಾಯಕ ನಾಯಕಿಯರ ಸಂಭಾಷಣೆ ಸಪ್ಪೆಯಾಗುತ್ತದೆ.

ಅಧ್ಯಾಯಗಳ ನಡುವೆ ಲೇಖಕಿ ನೈಜ ದಾಖಲೆಗಳ ತುಣುಕುಗಳನ್ನು ಸೇರಿಸಿದ್ದಾರೆ: ರಾಯಭಾರಿಗಳ ನೆನಪುಗಳು, ಸರ್ಕಾರಿ ಟಿಪ್ಪಣಿಗಳು, ಪತ್ರಿಕಾವರದಿಗಳು. ಕ್ರಮ ಮೆಚ್ಚತಕ್ಕದ್ದೇ. ಆದರೆ ಈ ತುಣುಕುಗಳ ದನಿ ಬಹುಮಟ್ಟಿಗೆ ಅಮೆರಿಕದ ಅಧಿಕಾರಿಗಳದು. ಸೋತವರ ಕಡೆಯವರು ಕಥೆಯಲ್ಲಿ ಮಾತ್ರ ಮಾತಾಡುತ್ತಾರೆ, ದಾಖಲೆಯಲ್ಲಿ ಮಾತಾಡುವುದಿಲ್ಲ. ಮೌನವನ್ನು ಹೆಸರಿನಲ್ಲೇ ಹೊತ್ತ ಪುಸ್ತಕವು ಆ ಮೌನವನ್ನು ತಾನೂ ಕೊಂಚ ಮುಂದುವರಿಸಿದಂತಾಗಿದೆ. ಸೆರೆಯಲ್ಲಿದ್ದ ತಾಯಂದಿರ ಬಾಯಿಮಾತನ್ನು ಸ್ಪೇನಿನ ಸಂಶೋಧಕರು ಈ ಕಾದಂಬರಿಗೆ ಬಹಳ ಮೊದಲೇ ಸಂಗ್ರಹಿಸಿದ್ದರೆಂಬುದನ್ನು ನೆನೆದರೆ ಈ ಕೊರತೆ ಹೆಚ್ಚಾಗಿ ಕಾಣುತ್ತದೆ.

ನಮ್ಮ ಮುಖ್ಯ ಆಕ್ಷೇಪಣೆ ಬೇರೆಯೇ ಇದೆ. ಪ್ರಣಯಕಥೆಗೆ ಸಮಾಗಮ ಬೇಕು, ಗುಟ್ಟಿಗೆ ಒಂದು ಬೀಗದ ಕೈ ಬೇಕು. ಆದುದರಿಂದ ಡ್ಯಾನಿಯಲ್‌ನ ತಾಯ್ತಂದೆಯರು ಮ್ಯಾಡ್ರಿಡ್ಡಿನಿಂದ ದತ್ತು ತಂದ ಹುಡುಗಿಯು ಆನಾಳ ಮನೆತನಕ್ಕೇ ಸೇರಿದವಳಾಗಿ ಹೊರಡುತ್ತಾಳೆ. ಅಷ್ಟು ದೊಡ್ಡ ನಗರದಲ್ಲಿ ಕದ್ದ ಶಿಶುವೂ ಒಲಿದ ಹುಡುಗಿಯೂ ಒಂದೇ ಮನೆಯವರಾಗುವ ಈ ಕಾಕತಾಳೀಯವು ಓದುಗನಿಗೆ ಸಮಾಧಾನವನ್ನು ಕೊಡುತ್ತದೆ. ಆ ಸಮಾಧಾನಕ್ಕೆ ಚರಿತ್ರೆಯಲ್ಲಿ ಆಧಾರ ಸಾಲದು.

ಒಂದು ನಿದರ್ಶನ ಸಾಕು. ಈ ವಿಷಯದಲ್ಲಿ ಸ್ಪೇನಿನಲ್ಲಿ ವಿಚಾರಣೆಗೆ ಬಂದ ಮೊದಲ ಮೊಕದ್ದಮೆಯಲ್ಲಿ, 2018ರಲ್ಲಿ, ಮ್ಯಾಡ್ರಿಡ್ಡಿನ ನ್ಯಾಯಾಲಯವು ವೃದ್ಧ ವೈದ್ಯನೊಬ್ಬನು ತಪ್ಪಿತಸ್ಥನೆಂದು ಕಂಡುಕೊಂಡಿತು. ಕಾಲಮಿತಿ ಮೀರಿದ್ದರಿಂದ ಶಿಕ್ಷೆ ವಿಧಿಸಲಿಲ್ಲ. ಶಿಶುವನ್ನು ಬೇರೊಬ್ಬ ಸ್ತ್ರೀ ಹೆತ್ತಳೆಂದು ಬರೆದ ಜನನಪತ್ರ ಸುಳ್ಳೆಂಬುದು ನಿರ್ವಿವಾದವಾಗಿತ್ತು. ಮರುವರ್ಷ ಫಿರ್ಯಾದಿ ಮಹಿಳೆಯು ವಂಶವಾಹಿಗಳ ಪರೀಕ್ಷೆಯ ಮೂಲಕ ತನ್ನ ರಕ್ತಸಂಬಂಧಿಗಳನ್ನು ಕಂಡುಕೊಂಡಳು. ಹೆತ್ತ ತಾಯಿ ತಾನಾಗಿಯೇ ಮಗುವನ್ನು ಒಪ್ಪಿಸಿದ್ದಳೆಂದು ಆಗ ತಿಳಿಯಿತು. ಪತ್ರ ಸುಳ್ಳಾಗಿತ್ತು, ಕಳವು ಆಗಿರಲಿಲ್ಲ. ಕಾದಂಬರಿ ಅಚ್ಚಾಗಿ ಬಂದದ್ದು ಅದೇ 2019ರಲ್ಲಿ. ಸುಳ್ಳು ದಾಖಲೆಯು ತಾನು ಸುಳ್ಳೆಂಬುದನ್ನು ಮಾತ್ರ ಸಾಧಿಸುತ್ತದೆ. ಹಿಂದೆ ನಡೆದದ್ದೇನೆಂಬುದನ್ನು ಬೇರೆ ಆಧಾರಗಳಿಂದ ಹುಡುಕಬೇಕು. ನ್ಯಾಯಾಧೀಶ ಗಾರ್ಸೋನ್ ಅವರ 2008ರ ಆದೇಶದಲ್ಲಿ ಬರುವ 30,000ವನ್ನು ಮೀರಿದ ಸಂಖ್ಯೆಯನ್ನೂ ಹೀಗೆಯೇ ಎಚ್ಚರದಿಂದ ಓದಬೇಕು. ಅದು ಸರ್ಕಾರದ ಪಾಲನೆಗೆ ಒಳಗಾದ ಮಕ್ಕಳ ಲೆಕ್ಕ. ಕದ್ದ ಶಿಶುಗಳ ಲೆಕ್ಕವೆಂದು ಉದ್ಧರಿಸುವವರು ಕಡಿಮೆಯಿಲ್ಲ.

ಇದರಿಂದ ಆ ತಾಯಂದಿರ ಸಂದೇಹ ಹುಸಿಯೆಂದು ಯಾರೂ ಭಾವಿಸಬಾರದು. 1977ರ ಕ್ಷಮಾದಾನ ಕಾನೂನಿನಿಂದ 2022ರ ಸ್ಮೃತಿ ಕಾನೂನಿನವರೆಗೆ ನಾಲ್ಕು ದಶಕಗಳಿಗೂ ಮೀರಿ ಅವರು ಕಾದರು. 2011ರಿಂದೀಚೆಗೆ ನ್ಯಾಯಾಲಯಗಳ ಅಪ್ಪಣೆಯಂತೆ ಕೆಲವು ಶಿಶುಗಳ ಸಮಾಧಿಗಳನ್ನು ತೆರೆಯಿಸಲಾಯಿತು. ಮಗುವಿನ ಅಸ್ಥಿಗಳೇ ಅಲ್ಲಿ ದೊರೆತ ಸಂದರ್ಭಗಳೂ ಉಂಟು. ಮಗು ಎಲ್ಲೋ ಬದುಕಿದೆಯೆಂದು ನಲವತ್ತು ವರ್ಷ ನಂಬಿದ್ದ ಆ ಮನೆಯವರಿಗೆ ಅಂದು ಎರಡನೆಯ ಬಾರಿ ಸಾವಿನ ಸುದ್ದಿ ಬಂದಿತು. ಅವರ ಕಥೆಗೆ ಈ ಕಾದಂಬರಿಯಲ್ಲಿ ಎಡೆ ಸಿಕ್ಕಿಲ್ಲ. ತರಗತಿಯಲ್ಲಿ ಇದನ್ನು ಓದಿಸುವ ಅಧ್ಯಾಪಕರು ಅದನ್ನು ತಾವೇ ಹೇಳಬೇಕಾಗುತ್ತದೆ.