ಕುಂಚ ಯಾರ ಕೈಯಲ್ಲಿ?

ಲಾಸ್ ಏಂಜಲೀಸ್‌ನ ಟುಜುಂಗಾ ಪ್ರವಾಹ ಕಾಲುವೆಯ ಕಾಂಕ್ರೀಟ್ ಗೋಡೆಯಲ್ಲಿ ಅರ್ಧ ಮೈಲಿ ಉದ್ದದ ಚಿತ್ರವೊಂದಿದೆ. ಕಲಾವಿದೆ ಜೂಡಿ ಬಾಕಾ 1976ರಿಂದ 1983ರ ನಡುವಿನ ಐದು ಬೇಸಿಗೆಗಳಲ್ಲಿ 400ಕ್ಕೂ ಹೆಚ್ಚು ಯುವಜನರನ್ನು ಕೂಡಿಸಿ ಇದನ್ನು ಬರೆಯಿಸಿದರು. ಅವರಲ್ಲಿ ಹಲವರು ಬಾಲಾಪರಾಧಿಗಳೆಂಬ ಹಣೆಪಟ್ಟಿ ಹೊತ್ತವರು. ಗಡೀಪಾರಾದ ಮೆಕ್ಸಿಕನ್ ಮೂಲದವರು, ಎರಡನೇ ಮಹಾಯುದ್ಧದ ವೇಳೆ ಶಿಬಿರಗಳಿಗೆ ದೂಡಲ್ಪಟ್ಟ ಜಪಾನಿ ಮೂಲದವರು ಈ ಗೋಡೆಯ ಚರಿತ್ರೆಯಲ್ಲಿದ್ದಾರೆ.

ಚಿತ್ರ ಕೆಲವೆಡೆ ಘೋಷಣೆಯಂತೆ ಕಾಣುತ್ತದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಮಾಜ ದೂರವಿಟ್ಟ ಕೈಗಳಿಗೇ ಕುಂಚ ಕೊಟ್ಟದ್ದು ಅದರ ಹಿರಿಮೆ.

1950ರ ದಶಕಕ್ಕೆ ನಿಂತಿದ್ದ ಕಥೆಯನ್ನು ಮುಂದುವರಿಸಲು 2021ರಲ್ಲಿ 50 ಲಕ್ಷ ಡಾಲರ್ ನೆರವು ದೊರೆಯಿತು. 2023ರಲ್ಲಿ ಹೊಸ ಭಾಗಗಳನ್ನು ಬಾಕಾ ಮತ್ತು ಅವರ ಕಲಾವಿದರ ತಂಡ ವಸ್ತುಸಂಗ್ರಹಾಲಯದೊಳಗೆ ಬರೆಯತೊಡಗಿತು. ಚಿತ್ರ ಬೆಳೆಯಲಿ, ಕೇರಿಯ ಮಕ್ಕಳ ಕೈಯಿಂದ ಕುಂಚ ಜಾರದಿರಲಿ.